ಅಂಚಿನಲ್ಲಿ ಬರೆದವರು

ಓಲೆಕಟ್ಟು, ಅಂದರೆ ತಾಳೆಗರಿಯ ಹಸ್ತಪ್ರತಿ, ಕೈಗೆ ಬಂದರೆ ನಾನು ಮೊದಲು ನೋಡುವುದು ಕೊನೆಯ ಗರಿಯನ್ನು. ಕವಿ ಯಾರು, ಕೃತಿ ಯಾವುದು ಅನ್ನೋದು ಕ್ಯಾಟಲಾಗಿನಲ್ಲಿ ಇದ್ದೇ ಇರುತ್ತದೆ. ಕೊನೆಯ ಗರಿಯಲ್ಲಿ ಸಿಗುವವನು ಲಿಪಿಕಾರ, ಅಂದರೆ ಆ ಪ್ರತಿಯನ್ನು ಕೂತು ಬರೆದವನು. ಇಂಥ ಸಂವತ್ಸರದ ಇಂಥ ಮಾಸದ ಶುದ್ಧ ಪಂಚಮಿಯಲ್ಲಿ ಇಂಥ ಊರಿನ ಇಂಥವರ ಮಗ ಬರೆದು ಮುಗಿಸಿದ್ದು, ತಪ್ಪಿದ್ದರೆ ಬಲ್ಲವರು ತಿದ್ದಿ ಓದಬೇಕು, ಮಂಗಳ ಮಹಾ ಶ್ರೀ ಶ್ರೀ ಶ್ರೀ. ಬಹುಪಾಲು ಕಟ್ಟುಗಳು ಮುಗಿಯುವುದು ಹೀಗೆ. ಕೆಲವರು ಇಷ್ಟಕ್ಕೇ ನಿಲ್ಲಿಸದೆ ಒಂದು ಶ್ಲೋಕವನ್ನೂ ಸೇರಿಸುತ್ತಾರೆ:

ಭಗ್ನಪೃಷ್ಠಕಟಿಗ್ರೀವಃ ಸ್ತಬ್ಧದೃಷ್ಟಿರಧೋಮುಖಃ |
ಕಷ್ಟೇನ ಲಿಖಿತಂ ಗ್ರಂಥಂ ಯತ್ನೇನ ಪರಿಪಾಲಯೇತ್ ||

ಬೆನ್ನು, ಸೊಂಟ, ಕತ್ತು ಮುರಿದುಕೊಂಡು, ಕಣ್ಣು ನೆಟ್ಟು, ತಲೆ ಬಗ್ಗಿಸಿ ಕಷ್ಟಪಟ್ಟು ಬರೆದ ಗ್ರಂಥ ಇದು, ಜೋಪಾನವಾಗಿ ಕಾಪಾಡಿ ಅಂತ. ಕಾಶ್ಮೀರದಿಂದ ಕೇರಳದವರೆಗೂ ಲಿಪಿಕಾರರು ಇದನ್ನು ಬರೆದಿದ್ದಾರೆ, ಯಾರು ಮೊದಲು ಕಟ್ಟಿದರೋ ಯಾರಿಗೂ ಗೊತ್ತಿಲ್ಲ. ಆದರೂ ಪ್ರತಿ ಸಲ ಎದುರಾದಾಗ ಒಬ್ಬ ಮನುಷ್ಯ ನನಗೇ ಹೇಳಿದ ಹಾಗೆ ಕೇಳಿಸುತ್ತದೆ.

ಆ ಬೆನ್ನುನೋವು ಉತ್ಪ್ರೇಕ್ಷೆ ಅಲ್ಲ. ತಾಳೆಗರಿಯನ್ನು ಕೊಯ್ದು ತಂದು ಒಣಗಿಸಬೇಕು, ನೀರಿನಲ್ಲಿ ಬೇಯಿಸಬೇಕು, ಮತ್ತೆ ನೆರಳಲ್ಲಿ ಒಣಗಿಸಿ, ಉಜ್ಜಿ ನಯಮಾಡಿ, ಅಳತೆಗೆ ಕತ್ತರಿಸಿ ದಾರ ಪೋಣಿಸಲು ತೂತು ಹಾಕಬೇಕು. ಶ್ರೀತಾಳೆ ಸಿಕ್ಕರೆ ಅದೃಷ್ಟ, ಅದು ತೆಳು, ಮೆದು, ಬಾಗಿದರೂ ಬೇಗ ಮುರಿಯುವುದಿಲ್ಲ. ಮಾಮೂಲಿ ತಾಳೆ ದಪ್ಪ, ವಯಸ್ಸಾದಂತೆ ಅಂಚು ಚಕ್ಕೆಚಕ್ಕೆಯಾಗಿ ಉದುರುತ್ತದೆ. ಬರೆಯುವವನು ಗರಿಯನ್ನು ಎಡಗೈಯಲ್ಲಿ ಹಿಡಿದು, ಕಂಟವನ್ನು, ಅಂದರೆ ಕಬ್ಬಿಣದ ಮೊನಚು ಲೇಖನಿಯನ್ನು, ಎಡ ಹೆಬ್ಬೆರಳಿಗೆ ಆನಿಸಿ, ಗರಿಯನ್ನೇ ಸರಿಸುತ್ತಾ ಅಕ್ಷರ ಕೊರೆಯುತ್ತಾನೆ. ಕೊರೆದಾಗ ಅಕ್ಷರ ಸರಿಯಾಗಿ ಕಾಣುವುದಿಲ್ಲ. ಬರೆದು ಮುಗಿದ ಮೇಲೆ ಮಸಿ ಮತ್ತು ಎಣ್ಣೆ ಕಲಸಿ ಸವರಿ ಒರೆಸಿದಾಗ ಗೀರುಗಳಲ್ಲಿ ಕಪ್ಪು ನಿಂತು ಸಾಲುಗಳು ಮೇಲೆದ್ದು ಬರುತ್ತವೆ. ಅಂದರೆ ತಾನು ಬರೆದದ್ದು ತನಗೇ ನೆಟ್ಟಗೆ ಕಾಣದ ಸ್ಥಿತಿಯಲ್ಲಿ ಅವನು ಒಂದಿಡೀ ಮಹಾಭಾರತವನ್ನು ಬರೆದಿರುತ್ತಾನೆ. ಅಳಿಸುವ ಮಾತಿಲ್ಲ. ಬಿಟ್ಟುಹೋದ ಅಕ್ಷರದ ಜಾಗದಲ್ಲಿ ಹಂಸಪಾದ ಅನ್ನುವ ಗುರುತು ಹಾಕಿ ಸಾಲಿನ ಮೇಲೋ ಕೆಳಗೋ ಸಣ್ಣದಾಗಿ ಸೇರಿಸಬೇಕು.

ಓದುವುದೂ ಸಲೀಸಲ್ಲ. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ. ಪದ್ಯ ಮುಗಿದಲ್ಲಿ ಒಂದೆರಡು ಗೀಟು ಬಿಟ್ಟರೆ ವಿರಾಮದ ಗುರುತೂ ಇರುವುದಿಲ್ಲ. ಹೊನ್ನು ಅನ್ನುವುದನ್ನು ಹೊಂನು ಎಂದೇ ಬರೆದಿರುತ್ತಾರೆ. ಎಕಾರ ಏಕಾರಗಳ ವ್ಯತ್ಯಾಸ ಹಳೆಯ ಓಲೆಗಳಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಛಂದಸ್ಸು ತಿಳಿದವರು ಮಾತ್ರೆ ಎಣಿಸಿ ಗೊತ್ತುಮಾಡಿಕೊಳ್ಳಬೇಕು. ಕಾಲ ಹೇಳುವುದು ಇನ್ನೊಂದು ಕಗ್ಗಂಟು. ಲಿಪಿಕಾರ ಪ್ಲವ ಸಂವತ್ಸರ ಅಂತ ಬರೆದು ಶಕವರ್ಷ ಹೇಳದೆ ಬಿಟ್ಟರೆ ಅದು 1901 ಇರಬಹುದು, 1841 ಇರಬಹುದು, 1781 ಕೂಡ ಇರಬಹುದು. ಅರುವತ್ತು ವರ್ಷಕ್ಕೊಮ್ಮೆ ಅದೇ ಹೆಸರು. ತಿಥಿಯ ಜೊತೆ ವಾರವನ್ನೂ ಬರೆದಿದ್ದರೆ ಪಂಚಾಂಗ ಹಿಡಿದು ಯಾವ ವರ್ಷಕ್ಕೆ ಆ ತಿಥಿ ಆ ವಾರ ಕೂಡಿಬರುತ್ತದೆ ಎಂದು ಲೆಕ್ಕ ಹಾಕಬಹುದು. "ಗುರುವಾರ" ಅನ್ನುವ ಒಂದೇ ಮಾತು ಒಂದು ಪ್ರತಿಯ ವಯಸ್ಸನ್ನು ತೀರ್ಮಾನ ಮಾಡಬಲ್ಲದು. ಅದನ್ನು ಬರೆದವನಿಗೆ ಹಾಗೆ ಯಾವತ್ತಾದರೂ ಅನ್ನಿಸಿತ್ತೇ?

ನಾನು ಮಂಡ್ಯದಲ್ಲಿ ಕನ್ನಡ ಪಾಠ ಹೇಳಿದವಳು. ಮೈಸೂರಿಗೆ ಬಂದಾಗಲೆಲ್ಲ ಕೃಷ್ಣರಾಜ ಬುಲೆವಾರ್ಡ್ ರಸ್ತೆಯಲ್ಲಿ ನಡೆಯುವುದು ರೂಢಿ. ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಟ್ಟಡ ಇರುವುದು ಅಲ್ಲೇ. ವಿಕ್ಟೋರಿಯಾ ರಾಣಿ ಸಿಂಹಾಸನವೇರಿದ ಐವತ್ತನೆಯ ವರ್ಷವೆಂದು 1887ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದರು. 1891ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಓರಿಯಂಟಲ್ ಲೈಬ್ರರಿ ಎಂಬ ಹೆಸರಿನಲ್ಲಿ ಸಂಸ್ಥೆ ಶುರುವಾಯಿತು. 1916ರಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದರ ಭಾಗವಾಯಿತು. ಕನ್ನಡ ಓಲೆಗಳನ್ನು ಹುಡುಕಿಕೊಂಡು ಹೋಗುವವರು ಇಲ್ಲಿಗೆ ಬಂದು ಸುಮ್ಮನೆ ತಿರುಗಿ ಹೋಗುವುದುಂಟು. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಆರಂಭವಾದ ಮೇಲೆ ಕನ್ನಡದ ಕಟ್ಟುಗಳು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಗೆ ಹೋದವು.

ಈ ಲೈಬ್ರರಿಯ ಹೆಸರು ಲೋಕಕ್ಕೆ ಗೊತ್ತಾದದ್ದು ಅರ್ಥಶಾಸ್ತ್ರದಿಂದ. ಕೌಟಿಲ್ಯನ ಮಾತುಗಳನ್ನು ಬೇರೆ ಗ್ರಂಥಗಳು ಅಲ್ಲಲ್ಲಿ ಎತ್ತಿ ಹೇಳಿದ್ದವು, ಇಡೀ ಕೃತಿ ಮಾತ್ರ ಕಳೆದೇ ಹೋಗಿದೆ ಎಂದು ವಿದ್ವಾಂಸರು ಕೈಬಿಟ್ಟಿದ್ದರು. ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದಾಗ, ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುವ ಗ್ರಂಥ ಲಿಪಿಯಲ್ಲಿದ್ದ ಒಂದು ಓಲೆಕಟ್ಟು ಅದೇ ಅಂತ ಗುರುತು ಹಿಡಿದರು. 1905ರ ಸುಮಾರಿನಿಂದ ಅನುವಾದದ ಭಾಗಗಳು ಬರತೊಡಗಿದವು, 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಭಾರತದವರಿಗೆ ರಾಜ್ಯಶಾಸ್ತ್ರವೇ ಇರಲಿಲ್ಲ ಎನ್ನುತ್ತಿದ್ದವರು ಆ ಮಾತನ್ನು ನುಂಗಿಕೊಳ್ಳಬೇಕಾಯಿತು.

ಇಷ್ಟೆಲ್ಲ ಶಾಲೆಯ ಮಕ್ಕಳಿಗೂ ಗೊತ್ತು. ನನಗೆ ಬಿಡದೆ ಕಾಡುವುದು ಆ ಕಟ್ಟನ್ನು ತಂದುಕೊಟ್ಟವರ ವಿಷಯ. ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು, ಅಷ್ಟೇ. ಹೆಸರಿಲ್ಲ, ಊರಿಲ್ಲ. ಮೂಲದ ಜೊತೆಗೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ಭಾಗವನ್ನೂ ಅವರು ತಂದಿದ್ದರು ಅಂದಮೇಲೆ ಅದು ಅಟ್ಟದಲ್ಲಿ ಬಿದ್ದಿದ್ದ ಕಸವಲ್ಲ, ಯಾರೋ ಅದನ್ನು ಓದುತ್ತಿದ್ದರು, ಅರ್ಥ ಬಿಡಿಸಿಕೊಳ್ಳುತ್ತಿದ್ದರು. ಆ ಮನೆಯಲ್ಲಿ ಎಷ್ಟು ತಲೆಮಾರು ಅದನ್ನು ಓದಿತು? ಯಾರಿಂದ ಬಂತು? ಮೈಸೂರಿಗೇ ಯಾಕೆ ತಂದರು? ಅವತ್ತು ಮೇಜಿನ ಈಚೆ ಕಡೆ ಇದ್ದವರು ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರೆ ಸಾಕಿತ್ತು. ಕೌಟಿಲ್ಯನನ್ನು ನಮಗೆ ದಾಟಿಸಿದವರ ಹೆಸರು ಒಂದು ಚೀಟಿಯಷ್ಟು ಕಾಗದ ಇಲ್ಲದೆ ಹೋಯಿತು ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇದಕ್ಕೆ ಎದುರಾದ ಉದಾಹರಣೆ ನಮ್ಮ ಮಂಡ್ಯ ಜಿಲ್ಲೆಯಲ್ಲೇ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಅರಮನೆಯಲ್ಲಿ ಸುಮಾರು ಎರಡು ಸಾವಿರ ಸಂಪುಟಗಳ ಗ್ರಂಥಭಂಡಾರವಿತ್ತು, ಹೆಚ್ಚಿನವು ಅರಬ್ಬಿ, ಪಾರಸಿ. ಅವುಗಳಲ್ಲಿ ಒಂದಷ್ಟು ಅವನೂ ಅವನ ತಂದೆಯೂ ಬೇರೆ ಸಂಸ್ಥಾನಗಳಿಂದ ಗೆದ್ದು ತಂದವು. ಯುದ್ಧ ಗೆದ್ದ ಇಂಗ್ಲಿಷರು ಅವನ್ನು ಕಲ್ಕತ್ತೆಗೂ ಲಂಡನ್ನಿಗೂ ಹಂಚಿಕೊಂಡರು. ಚಾರ್ಲ್ಸ್ ಸ್ಟುವರ್ಟ್ ಎಂಬ ವಿದ್ವಾಂಸ 1809ರಲ್ಲಿ ಅವಕ್ಕೆ ವಿವರವಾದ ಪಟ್ಟಿ ಮಾಡಿ ಅಚ್ಚು ಹಾಕಿಸಿದ. ಆ ಮನುಷ್ಯ ಒಳಗಿನ ಗ್ರಂಥದ ಜೊತೆಗೆ ಹೊರಗಿನ ರಟ್ಟನ್ನೂ ನೋಡಿದ. ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ಕಟ್ಟಿಸಿದ ಪುಸ್ತಕಗಳ ಚರ್ಮದ ಹೊದಿಕೆಯ ನಡುವಿನ ಪದಕದಲ್ಲಿ ದೇವರ, ಪ್ರವಾದಿಯ, ಫಾತಿಮಾ ಹಸನ್ ಹುಸೇನರ ಹೆಸರು, ನಾಲ್ಕು ಮೂಲೆಗೆ ಮೊದಲ ನಾಲ್ವರು ಖಲೀಫರ ಹೆಸರು, ಮೇಲ್ಗಡೆ ಸರ್ಕಾರ್-ಎ-ಖುದಾದಾದ್ (ದೇವರು ಕೊಟ್ಟ ಸರ್ಕಾರ), ಕೆಳಗಡೆ ಅಲ್ಲಾಹ್ ಕಾಫಿ (ಅಲ್ಲಾಹನೇ ಸಾಕು) ಎಂದು ಅಚ್ಚೊತ್ತಿದ್ದನ್ನು ಬರೆದಿಟ್ಟ. ಹಾಗೆ ಬರೆದಿಟ್ಟದ್ದರಿಂದ ಇವತ್ತು ಎಲ್ಲೋ ದೂರದ ಕಪಾಟಿನಲ್ಲಿ ಅಂಥ ರಟ್ಟಿನ ಪುಸ್ತಕ ಕಂಡರೆ ಅದು ಕಾವೇರಿಯ ನಡುಗಡ್ಡೆಯಿಂದ ಹೋದದ್ದು ಅಂತ ಬೆರಳಿಟ್ಟು ಹೇಳಬಹುದು. ಟಿಪ್ಪು ತನ್ನ ಕೈಯಾರೆ ಪಾರಸಿಯಲ್ಲಿ ಬರೆದಿಟ್ಟುಕೊಂಡ ಮೂವತ್ತೇಳು ಕನಸುಗಳ ಸಣ್ಣ ಪುಸ್ತಕವೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೊಳ್ಳೆ ಹೊಡೆದು ಒಯ್ದದ್ದು ಒಯ್ದದ್ದೇ, ಅದನ್ನು ಯಾವ ಪಟ್ಟಿಯೂ ಸರಿಮಾಡುವುದಿಲ್ಲ. ಆದರೆ ಪುಸ್ತಕದ ಮೈಮೇಲಿನ ಗುರುತುಗಳನ್ನು ದಾಖಲಿಸುವ ಶಿಸ್ತನ್ನು ನಾವು ಅಲ್ಲಿಂದ ಕಲಿಯಬೇಕು.

ಓಲೆ ಮತ್ತು ಅರಮನೆಯ ಪುಸ್ತಕ ಅಂದರೆ ಎಲ್ಲರಿಗೂ ಗೌರವ ಇದೆ. ನನ್ನ ಹೆಚ್ಚಿನ ಕಳವಳ ಅಚ್ಚಿನ ಪುಸ್ತಕಗಳ ಬಗ್ಗೆ, ಸಾವಿರಾರು ಪ್ರತಿ ಅಚ್ಚಾಗಿ ಅಂಗಡಿಯಲ್ಲಿ ಮಾರಾಟವಾದವು, ಆದರೆ ಯಾರೋ ಒಬ್ಬರು ಆಯುಷ್ಯವೆಲ್ಲ ಓದಿ ಅಂಚು ತುಂಬ ಬರೆದಿಟ್ಟವು. ಅಂಥ ಒಂದು ಪ್ರತಿ ನನ್ನ ಮುಂದಿದೆ.

ಇದು ನಮ್ಮ ಅಮ್ಮನ ಸೋದರಮಾವ ಓದುತ್ತಿದ್ದ, ಲಕ್ಷ್ಮೀಶ ಕವಿಯ ಜೈಮಿನಿ ಭಾರತ. ನಾಗಮಂಗಲದ ಕಡೆಯ ಹಳ್ಳಿ. ಊರಲ್ಲಿ ಎಲ್ಲರೂ ಅವರನ್ನು ಗಮಕದಯ್ಯ ಅನ್ನುತ್ತಿದ್ದರು, ನಮಗೆ ಗಮಕದ ತಾತ. ಶ್ರಾವಣದಲ್ಲಿ ದೇವಸ್ಥಾನದ ಪಡಸಾಲೆಯಲ್ಲಿ ಸಂಜೆ ಹೊತ್ತು ಅವರು ಗಮಕ ಮಾಡಿ, ಅಂದರೆ ಕಾವ್ಯವನ್ನು ರಾಗವಾಗಿ, ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಪುಸ್ತಕದ ಮುಖಪುಟ ಹೋಗಿ ಯಾವ ಕಾಲವೋ ಆಗಿದೆ. ಹಾಳೆ ಚಹಾದ ಬಣ್ಣಕ್ಕೆ ತಿರುಗಿದೆ. ಪ್ರತಿ ಪದ್ಯದ ಎಡಗಡೆ ಪೆನ್ಸಿಲಿನಲ್ಲಿ ರಾಗದ ಹೆಸರು: ಮೋಹನ, ಬಿಲಹರಿ, ಸಾವೇರಿ, ಮುಖಾರಿ. ಕೆಲವು ಕಡೆ ಬರೆದದ್ದನ್ನು ಹೊಡೆದುಹಾಕಿ ಬೇರೆ ರಾಗ ಬರೆದಿದ್ದಾರೆ. ಚಂದ್ರಹಾಸನ ಕಥೆಯಲ್ಲಿ ಒಂದು ಪದ್ಯಕ್ಕೆ ಕಾಂಬೋಧಿ ಹೊಡೆದು ಆನಂದಭೈರವಿ, ಅದನ್ನೂ ಹೊಡೆದು ಮತ್ತೆ ಕಾಂಬೋಧಿ. ಆ ಮೂರು ಬರಹದ ನಡುವೆ ಎಷ್ಟೋ ಶ್ರಾವಣಗಳು ಕಳೆದಿವೆ, ಮೊದಲನೆಯದು ಗುಂಡಗಿನ ಎಳೆಯ ಕೈಬರಹ, ಕೊನೆಯದು ನಡುಗುವ ಕೈಯದು.

ಸೀತಾ ಪರಿತ್ಯಾಗದ ಭಾಗಕ್ಕೆ ಬಂದರೆ ಅಂಚು ಕಿಕ್ಕಿರಿದಿದೆ. ಲಕ್ಷ್ಮಣ ಸೀತೆಯನ್ನು ಕಾಡಿನಲ್ಲಿ ಬಿಟ್ಟು ಹೊರಡುವ ಜಾಗದಲ್ಲಿ ಶಾಯಿಯಲ್ಲಿ, ಎರಡು ಗೆರೆ ಎಳೆದು: "ಇಲ್ಲಿ ನಿಲ್ಲಿಸಕೂಡದು. ಎಷ್ಟೇ ಹೊತ್ತಾದರೂ ವಾಲ್ಮೀಕಿ ಬರುವ ತನಕ ಓದಿ ಮಂಗಳ." ಅದರ ಕೆಳಗೆ ಸಣ್ಣಕ್ಷರದಲ್ಲಿ: "ಹೆಂಗಸರು ಅಳುತ್ತ ಮನೆಗೆ ಹೋಗಬಾರದು." ಇನ್ನೊಂದು ಪುಟದಲ್ಲಿ: "ಮಳೆ ಜೋರು. ಜನ ಕಮ್ಮಿ. ಓದಿದ್ದು ಚೆನ್ನಾಗಿತ್ತು." ಲಕ್ಷ್ಮೀಶನ ಕಾವ್ಯದ ಬಗ್ಗೆ ಬಂದಿರುವ ವಿಮರ್ಶೆಯನ್ನು ನಾನು ಸಾಕಷ್ಟು ಓದಿದ್ದೇನೆ. ಕಾವ್ಯ ಒಂದು ಊರಿನಲ್ಲಿ ಹೇಗೆ ಬದುಕಿತ್ತು, ಕೇಳುವವರ ಮನಸ್ಸನ್ನು ಓದುವವನು ಹೇಗೆ ಕಾಯುತ್ತಿದ್ದ ಅನ್ನುವುದು ಈ ಮೂರು ಸಾಲಿನಷ್ಟು ಸ್ಪಷ್ಟವಾಗಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಅಲ್ಲಲ್ಲಿ ಅಚ್ಚಿನ ಪದವೊಂದರ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ "ಓಲೆ" ಎಂದು ಬರೆದು ಬೇರೆ ಪಾಠ, ಅಂದರೆ ಅದೇ ಜಾಗಕ್ಕೆ ಬೇರೆ ಪದ, ಕೊಟ್ಟಿದ್ದಾರೆ. ಒಂದು ಕಡೆ "ಈ ಪದ್ಯ ನಮ್ಮ ಓಲೆಯಲ್ಲಿ ಇಲ್ಲ" ಅಂತ ಇದೆ. ಅಂದರೆ ಮನೆಯಲ್ಲಿ ಒಂದು ಓಲೆಪ್ರತಿ ಇತ್ತು, ಅವರು ಅಚ್ಚಿನ ಪುಸ್ತಕವನ್ನು ಅದರ ಪಕ್ಕ ಇಟ್ಟುಕೊಂಡು ಸಾಲುಸಾಲಾಗಿ ಹೋಲಿಸಿ ನೋಡಿದ್ದರು. ಡಿ.ಎಲ್. ನರಸಿಂಹಾಚಾರ್ಯರು ಗ್ರಂಥಸಂಪಾದನೆಯ, ಅಂದರೆ ಹಲವು ಪ್ರತಿ ಹೋಲಿಸಿ ಸರಿಯಾದ ಪಾಠ ಗೊತ್ತುಮಾಡುವ, ಶಾಸ್ತ್ರವನ್ನು ಕನ್ನಡಕ್ಕೆ ಕಟ್ಟಿಕೊಟ್ಟ ಪುಸ್ತಕ ಬಂದದ್ದು 1964ರಲ್ಲಿ. ಲೋಯರ್ ಸೆಕೆಂಡರಿ ದಾಟದ ನಮ್ಮ ತಾತ ಆ ಶಾಸ್ತ್ರದ ಹೆಸರು ಕೇಳದೆಯೂ ಪಾಠಾಂತರ ಹಿಡಿಯುವ ಕೆಲಸವನ್ನು ತಾವಾಗೇ ಮಾಡಿಕೊಂಡಿದ್ದರು. ವಾರ್ಧಕ ಷಟ್ಪದಿಯ ಮೂರನೆಯ ಸಾಲಿನಲ್ಲಿ ಐದು ಮಾತ್ರೆಯ ಆರು ಗಣ, ಮೇಲೊಂದು ಗುರು ಬರಬೇಕು. ಅಚ್ಚಿನಲ್ಲಿ ಒಂದು ಮಾತ್ರೆ ಕಮ್ಮಿ ಬಿದ್ದ ಕಡೆ ಅವರು ಗೀಟು ಹಾಕಿ, ಓಲೆಯ ಪಾಠ ಬರೆದು, "ಹಾಡುವಾಗ ಎಡವುತ್ತದೆ, ಇದು ಸರಿ" ಎಂದಿದ್ದಾರೆ. ಎಣಿಸಿ ನೋಡಿದರೆ ಅವರು ಹೇಳಿದ್ದೇ ಸರಿ. ಕಿವಿಯೇ ಅವರ ಛಂದಸ್ಸಿನ ಪುಸ್ತಕ. ಎಲ್ಲ ಕಡೆಯೂ ಓಲೆಯ ಪಾಠ ಮೇಲು ಅಂತೇನಿಲ್ಲ. ಕೆಲವು ಬರೀ ಕೈತಪ್ಪು, ಎರಡು ಸಾಲಿನಲ್ಲಿ ಒಂದೇ ಪದ ಬಂದಾಗ ಕಣ್ಣು ಮೇಲಿನಿಂದ ಕೆಳಕ್ಕೆ ಜಾರಿ ನಡುವಿನ ಸಾಲು ಬಿಟ್ಟುಹೋದವು. ಅಂಥವೂ ಬೇಕು, ಆ ಓಲೆ ಯಾವ ಪ್ರತಿಯ ಸಂತಾನ ಅಂತ ಪತ್ತೆ ಹಚ್ಚುವುದು ಅಂಥ ತಪ್ಪುಗಳಿಂದಲೇ.

ಆ ಓಲೆ ಈಗ ಇಲ್ಲ. ತಾತನ ತಂದೆ ತೀರಿಕೊಂಡಾಗ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿಯ ಜೊತೆಗೇ ಬಿಟ್ಟರಂತೆ. ಹಳೆಯ ಓಲೆಯನ್ನು ಬೆಂಕಿಗೆ ಹಾಕಬಾರದು, ಮನೆಯಲ್ಲಿ ಹುಳ ಹಿಡಿಸಬಾರದು, ಹರಿಯುವ ನೀರಿಗೆ ಬಿಡಬೇಕು ಎಂಬ ನಂಬಿಕೆ ನಮ್ಮ ಕಡೆ ಬಹಳ ಮನೆಗಳಲ್ಲಿತ್ತು. ಭಕ್ತಿಯಿಂದ ಮಾಡಿದ್ದು, ಅವರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಆ ಹಸ್ತಪ್ರತಿಯಲ್ಲಿ ಇದ್ದದ್ದರಲ್ಲಿ ಈಗ ಉಳಿದಿರುವುದು ಈ ಅಚ್ಚಿನ ಪುಸ್ತಕದ ಅಂಚಿನ ಪೆನ್ಸಿಲಿನ ಗುರುತುಗಳಷ್ಟೇ. ಮೇಲ್ನೋಟಕ್ಕೆ ಇದು ಹರಿದ ಹಳೆಯ ಪುಸ್ತಕ, ಲೈಬ್ರರಿಯಲ್ಲಿ ಇದೇ ಮುದ್ರಣದ ಒಳ್ಳೆಯ ಪ್ರತಿ ಇದ್ದರೆ ಇದನ್ನು ರದ್ದಿಗೆ ಹಾಕಲು ಯಾರೂ ಹಿಂದೆ ಮುಂದೆ ನೋಡುವುದಿಲ್ಲ.

ಹಾಗೆ ಆದದ್ದನ್ನು ಕಣ್ಣಾರೆ ಕಂಡಿದ್ದೇನೆ. ನನಗೆ ಪಾಠ ಹೇಳಿದ ಮೇಷ್ಟ್ರೊಬ್ಬರು ತಮ್ಮ ಪುಸ್ತಕಗಳನ್ನೆಲ್ಲ ಒಂದು ಕಾಲೇಜಿನ ಲೈಬ್ರರಿಗೆ ಕೊಟ್ಟಿದ್ದರು. ಹಳಗನ್ನಡ ಕಾವ್ಯಗಳ ಅಂಚಿನಲ್ಲೆಲ್ಲ ಅವರ ಟಿಪ್ಪಣಿ. ತರಗತಿಯಲ್ಲಿ ಅವರು ಒಂದು ಪದ್ಯಕ್ಕೆ ಅರ್ಧ ಗಂಟೆ ನಿಂತು ಹೇಳಿದ ಮಾತುಗಳ ಬೀಜವೆಲ್ಲ ಅಲ್ಲಿತ್ತು. ಅವರು ಹೋದ ಮೇಲೆ ನೋಡಲು ಹೋದೆ. ಪುಸ್ತಕಗಳು ಅಚ್ಚುಕಟ್ಟಾಗಿ, ಹೊಸ ರೆಕ್ಸಿನ್ ಹೊದಿಕೆಯಲ್ಲಿ ನಿಂತಿದ್ದವು. "ಎಲ್ಲಾನೂ ಬೈಂಡಿಂಗ್‌ಗೆ ಕೊಟ್ಟಿದ್ವಿ ಮೇಡಂ, ಬಹಳ ಹಾಳಾಗಿದ್ವು" ಅಂದರು ಅಲ್ಲಿದ್ದವರು, ಪಾಪ, ಒಳ್ಳೆಯದು ಮಾಡಿದೆವು ಅನ್ನುವ ಸಂತೋಷದಲ್ಲೇ. ತೆಗೆದು ನೋಡಿದರೆ ಬೈಂಡರು ಅಂಚು ಸಮ ಬರಲಿ ಎಂದು ಮೂರು ಕಡೆಯೂ ಕತ್ತರಿಸಿದ್ದ. ಟಿಪ್ಪಣಿಗಳ ಹೊರಗಿನ ಅರ್ಧ ಹೋಗಿತ್ತು. "ಇಲ್ಲಿ ರನ್ನನ", ಮುಂದೆ ಇಲ್ಲ. "ಕೇಶಿರಾಜ ಒಪ್ಪ", ಒಪ್ಪುತ್ತಾನೋ ಒಪ್ಪುವುದಿಲ್ಲವೋ, ಮೇಷ್ಟ್ರ ಜೊತೆಗೇ ಹೋಯಿತು.

ಸ್ಕ್ಯಾನಿಂಗ್ ಬಂದಮೇಲೆ ಈ ನಷ್ಟ ಇನ್ನೊಂದು ರೂಪದಲ್ಲಿ ನಡೆಯುತ್ತಿದೆ. ಸ್ಕ್ಯಾನ್ ಮಾಡುವುದು ಬಹಳ ಒಳ್ಳೆಯ ಕೆಲಸ, ಹಳ್ಳಿಯಲ್ಲಿ ಕೂತ ಹುಡುಗಿಯ ಫೋನಿಗೆ ನೂರು ವರ್ಷದ ಹಿಂದಿನ ಪುಸ್ತಕ ಬರುತ್ತದೆ ಅಂದರೆ ಸಾಮಾನ್ಯವೇ? ಆದರೆ ಪುಟ ಚೊಕ್ಕಟವಾಗಿ ಕಾಣಲಿ ಎಂದು ಅಂಚನ್ನು ಕತ್ತರಿಸುತ್ತಾರೆ, ಬರೀ ಕಪ್ಪು ಬಿಳುಪಿಗೆ ಇಳಿಸಿದಾಗ ತೆಳು ಪೆನ್ಸಿಲ್ ಬರಹ ಕಲೆಯೆಂದು ಅಳಿಸಿಹೋಗುತ್ತದೆ, ರಟ್ಟಿನ ಒಳಮೈ, ಖಾಲಿ ಹಾಳೆ, ಪುಟಗಳ ನಡುವೆ ಸಿಕ್ಕಿಸಿದ ಚೀಟಿ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಓಲೆಯ ವಿಷಯದಲ್ಲಿ ಕಟ್ಟಿನ ಮೇಲೂ ಕೆಳಗೂ ಇರುವ ಮರದ ಪಟ್ಟಿಗಳನ್ನು ಬಿಟ್ಟುಬಿಡುತ್ತಾರೆ, ಎಷ್ಟೋ ಸಲ ಮನೆತನದ ಹೆಸರು ಕೆತ್ತಿರುವುದು ಅಲ್ಲೇ. ಯಾವ ಪ್ರತಿಯನ್ನು ಸ್ಕ್ಯಾನ್ ಮಾಡಬೇಕು ಎಂದು ಆರಿಸುವಾಗ ಯಾರೂ ಮುಟ್ಟದ ಹೊಸ ಪ್ರತಿಯನ್ನೇ ಹುಡುಕಿ ತೆಗೆಯುತ್ತಾರೆ. ಕ್ಯಾಟಲಾಗಿನಲ್ಲಿ ಲೇಖಕ, ಶೀರ್ಷಿಕೆ, ಪ್ರಕಾಶಕ, ವರ್ಷ, ಪುಟಗಳಿಗೆ ಜಾಗವಿದೆ. "ಯಾರ ಪ್ರತಿ, ಯಾರ ಟಿಪ್ಪಣಿ" ಎಂಬುದಕ್ಕೂ ಒಂದು ಜಾಗ ಬೇಕು ಅನ್ನುವುದು ನಾನು ಲೈಬ್ರರಿಯವರನ್ನು ಕಂಡಾಗಲೆಲ್ಲ ಹೇಳುವ ಮಾತು. ಅದಕ್ಕೆ ದೊಡ್ಡ ದುಡ್ಡೇನೂ ಬೇಡ.

ಮನೆಯಲ್ಲಿ ಇಂಥ ಪುಸ್ತಕ ಇರುವವರಿಗೂ ಹೇಳುವುದಿದೆ. ಹರಿದ ಹಾಳೆಗೆ ಸೆಲ್ಲೋ ಟೇಪ್ ಅಂಟಿಸಬೇಡಿ, ಕೆಲವು ವರ್ಷಕ್ಕೆ ಅದರ ಗೋಂದು ಹಳದಿಯಾಗಿ ಅಕ್ಷರವನ್ನೂ ಹೀರಿಕೊಳ್ಳುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಬೈಂಡಿಂಗ್ ಮಾಡಿಸಲೇಬೇಕಾದರೆ ಅಂಚು ಮುಟ್ಟಕೂಡದೆಂದು ಎದುರಿಗೆ ನಿಂತು ಹೇಳಿ. ಓಲೆಗರಿ ಇದ್ದರೆ ನೀವೇ ಎಣ್ಣೆ ಸವರಲು ಹೋಗದೆ ಮೈಸೂರಿನಲ್ಲೋ ಮೇಲುಕೋಟೆಯ ಸಂಸ್ಕೃತ ಸಂಶೋಧನಾ ಸಂಸತ್ತಿನಲ್ಲೋ ಬಲ್ಲವರಿಗೆ ತೋರಿಸಿ, ದಾರವನ್ನು ಬಿಗಿಯಾಗಿ ಎಳೆದು ಕಟ್ಟಬೇಡಿ. ಮನೆಯ ಹಿರಿಯರು ಇರುವಾಗಲೇ ಇದು ಯಾರದ್ದು, ಎಲ್ಲಿಂದ ಬಂತು ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದು ಒಳಗಿಡಿ.

ಗಮಕದ ತಾತನ ಪುಸ್ತಕ ಮನೆಯಲ್ಲಿದ್ದರೆ ನನ್ನ ನಂತರ ಏನಾಗುತ್ತದೋ ಹೇಳಲಾಗುವುದಿಲ್ಲ. ಒಂದು ಲೈಬ್ರರಿಯವರು ತೆಗೆದುಕೊಳ್ಳಲು ಒಪ್ಪಿದ್ದಾರೆ. ಅಂಚು ಕತ್ತರಿಸುವುದಿಲ್ಲ, ಬಣ್ಣದಲ್ಲೇ ಸ್ಕ್ಯಾನ್ ಮಾಡುತ್ತೇವೆ, ಮಾಹಿತಿಯಲ್ಲಿ ಅವರ ಹೆಸರು, ಊರು ಸೇರಿಸುತ್ತೇವೆ ಎಂದು ಬರವಣಿಗೆಯಲ್ಲೇ ಕೊಟ್ಟಿದ್ದಾರೆ. ದಸರಾ ಕಳೆದ ಮೇಲೆ ಒಪ್ಪಿಸಬೇಕು. ಅಷ್ಟರಲ್ಲಿ "ಓಲೆ" ಎಂದು ಗುರುತು ಹಾಕಿದ ಪಾಠಗಳನ್ನೆಲ್ಲ ಪದ್ಯಸಂಖ್ಯೆ ಸಮೇತ ಬೇರೆ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೇನೆ. ಚಂದ್ರಹಾಸನ ಭಾಗ ಆಯಿತು. ಸೀತೆಯ ಭಾಗದಲ್ಲಿ ಪೆನ್ಸಿಲ್ ಬಹಳ ಮಾಸಿದೆ, ಬೆಳಗಿನ ಬಿಸಿಲು ಓರೆಯಾಗಿ ಬೀಳುವಾಗ ಮಾತ್ರ ಓದಲು ಬರುತ್ತದೆ, ಅದಕ್ಕೇ ನಿಧಾನ.